ಕಲ್ಲಿನಾಥನ ಬಿಸಿಲು

ಕಲ್ಲಿನಾಥ ಸ್ವಾರ್ಥಿ. ಮನುಷ್ಯ ಸ್ವಲ್ಪ ಬಿಗಿ, ಸ್ವಲ್ಪ ಹಟದವನು, ಆದರೆ ಒಳಗೆ ಒಳ್ಳೆಯವನು ಎಂದು ನಿಂಬರ್ಗಾದಲ್ಲಿ ಹೇಳುವವರು ಒಂದಿಬ್ಬರು ಸಿಗುತ್ತಾರೆ. ಅವರು ಅವನ ಗಿರಣಿಗೆ ಜೋಳ ಬೀಸಿಸಲು ಬರುವವರು, ಹಿಟ್ಟು ತಡವಾದೀತೆಂಬ ಹೆದರಿಕೆಯಿಂದ ಹಾಗೆ ಹೇಳುತ್ತಾರೆ. ಅವನ ಹೆಂಡತಿ ಗಂಗಾಬಾಯಿ ಮಾತ್ರ ಹಾಗೆ ಹೇಳಿದ್ದಿಲ್ಲ. ಒಳಗೆ ಏನಿದೆ ಎಂದು ನೋಡಲು ಆಕೆಗೆ ಮದುವೆಯಾದಂದಿನಿಂದ ಸಾಕಷ್ಟು ಸಮಯ ಸಿಕ್ಕಿತ್ತು. ನೋಡಿದ್ದಳು. ಅಲ್ಲಿಯೂ ಕಲ್ಲಿನಾಥನೇ ಇದ್ದ.

ಮನೆಯಲ್ಲಿ ಒಂದೇ ಫ್ಯಾನಿದ್ದಾಗ ಅದರ ಕೆಳಗಿನ ಮಂಚ ಅವನದು. ಎರಡನೆಯ ಫ್ಯಾನು ಬಂದಾಗ ಮಂಚವನ್ನು ಎರಡರ ನಡುವೆ ಎಳೆದುಕೊಂಡ. ಬಸ್ಸಿನಲ್ಲಿ ಕಿಟಕಿ ಅವನಿಗೆ, ಚೀಲ ಅವಳಿಗೆ. ಹಬ್ಬದ ದಿನ ಮೊದಲ ಹೋಳಿಗೆ ಅವನ ತಾಟಿಗೆ ಬೀಳಬೇಕು. ಕೊನೆಯದೂ ಅಲ್ಲಿಗೇ ಬರುತ್ತಿತ್ತು. ಜಗಳಗಂಟನಾದ ಗಂಡನಿಗೆ ಎದುರು ಮಾತಾಡಬಹುದು, ಕುಡುಕನಾದರೆ ಮರುದಿನ ಬೆಳಿಗ್ಗೆ ನಾಚಿಸಬಹುದು. ಕಲ್ಲಿನಾಥ ಎರಡೂ ಅಲ್ಲ. ಲೋಕದಲ್ಲಿ ಬೇರೆಯವರೂ ಇದ್ದಾರೆಂಬುದು ಅವನ ಗಮನಕ್ಕೇ ಬಂದಿರಲಿಲ್ಲ. ಅದನ್ನು ಅವನಿಗೆ ತಿಳಿಸುವುದು ಹೇಗೆಂಬುದು ಗಂಗಾಬಾಯಿಗೆ ಹೊಳೆದಿರಲಿಲ್ಲ.

ಇಂಥವನು ಸೂರ್ಯನಿಗೆ ಕೈ ಹಾಕಿದ್ದು ಕರೆಂಟಿನ ಬಿಲ್ಲಿನ ಸಲುವಾಗಿ.

ಮನೆಬಳಕೆಗೆ ಇನ್ನೂರು ಯೂನಿಟ್‌ವರೆಗೆ ಬಿಲ್ಲಿಲ್ಲ ಎಂದು ಸರಕಾರ ಹೇಳಿದ ಮೇಲೆ ಓಣಿಯ ಮನೆಮನೆಗೂ ಸೊನ್ನೆ ಬಿಲ್ಲು ಬರತೊಡಗಿತು. ಕಲ್ಲಿನಾಥನಿಗೆ ಮಾತ್ರ ಎಂದಿನ ಬಿಲ್ಲೇ ಬಂತು. ಕಾರಣ ಊರಿಗೆಲ್ಲ ಗೊತ್ತಿತ್ತು. ಗಿರಣಿ ಕಟ್ಟಿಸಿದಾಗ ಎರಡನೆಯ ಮೀಟರು ಯಾಕೆ ದಂಡ ಎಂದು ಮನೆಯ ಮೀಟರು ತೆಗೆಸಿಹಾಕಿ, ಗಿರಣಿಯ ಮೀಟರಿನಿಂದಲೇ ಗೋಡೆಯಲ್ಲಿ ತೂತು ಕೊರೆದು ಮನೆಗೆ ವೈರು ಎಳೆದುಕೊಂಡಿದ್ದ. ಆ ಜಾಣತನವನ್ನು ಹತ್ತಾರು ವರ್ಷ ಕಟ್ಟೆಯ ಮೇಲೆ ಕೂತು ಹೇಳಿಕೊಂಡಿದ್ದ. ಹೀಗಾಗಿ ಕರೆಂಟಿನ ಕಂಪನಿಯ ಲೆಕ್ಕದಲ್ಲಿ ಕಲ್ಲಿನಾಥನಿಗೆ ಮನೆಯೇ ಇರಲಿಲ್ಲ. ಗಂಗಾಬಾಯಿ ರೊಟ್ಟಿ ಬಡಿಯುತ್ತಿದ್ದುದು, ಮಗಳು ಶೈಲಶ್ರೀ ಓದುತ್ತಿದ್ದುದು, ಅವನು ಗೊರಕೆ ಹೊಡೆಯುತ್ತಿದ್ದುದು ಎಲ್ಲ ಗಿರಣಿಯೊಳಗೆ.

"ಆಳಂದಕ್ಕ ಹೋಗಿ ಮನಿಗಿ ಬ್ಯಾರೆ ಮೀಟರ್ ಹಾಕಸ್ರಿ. ಎಲ್ಲಾರಂಗ ನಮಗೂ ಸೊನ್ನಿ ಬರ್ತದ," ಎಂದಳು ಗಂಗಾಬಾಯಿ.

"ಅಂದ್ರ ಅವತ್ತ ನಾ ಮಾಡಿದ್ದು ತಪ್ಪಂತೇನು?"

"ತಪ್ಪಂತ ಯಾರಂದ್ರಿ? ಮೀಟರ್ ಹಾಕಸ್ರಿ ಅಂದೆ."

"ಅದ ಅದು. ಊರಾಗಿನವರು ಸರಕಾರದ ಮುಂದ ಕೈ ಒಡ್ಡಲಿ. ನನ್ನ ಕರೆಂಟ ನಾ ಮಾಡ್ಕೋತೇನಿ."

ಮರುದಿನದಿಂದ ಅವನು ಗಿರಣಿಯಲ್ಲಿ ಕೂತು ಮೊಬೈಲಿನಲ್ಲಿ ವೀಡಿಯೊ ನೋಡತೊಡಗಿದ. ಯಾವನೋ ಒಬ್ಬ ಹಿಂದಿಯಲ್ಲಿ ಮಾತಾಡುತ್ತ, ಮನೆಯ ಮೇಜಿನ ಮೇಲೆ ಬಿಲ್ಲೆಗಳನ್ನು ಜೋಡಿಸಿ ಸೋಲಾರ್ ಪ್ಲೇಟು ಮಾಡಿ, ಅದಕ್ಕೊಂದು ಬಲ್ಬು ಹತ್ತಿಸಿ ತೋರಿಸುತ್ತಿದ್ದ. ಕಲ್ಲಿನಾಥನಿಗೆ ಹಿಂದಿ ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧ ಅಷ್ಟೇನೂ ಮುಖ್ಯವಲ್ಲ ಎಂದು ಅವನು ತೀರ್ಮಾನಿಸಿದ. ಸರಕಾರದ ಸಬ್ಸಿಡಿ ಇದೆ, ಕಂಪನಿಯವರು ಬಂದು ಕೂರಿಸಿಕೊಟ್ಟು ಹೋಗುತ್ತಾರೆ ಎಂದು ಶೈಲಶ್ರೀ ಹೇಳಿದಳು. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮಗಳು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟುಬಿಟ್ಟ.

ಶ್ರಾವಣದಲ್ಲಿ ಒಂದು ದಿನ ಗಂಡ ಹೆಂಡತಿ ಆಳಂದಕ್ಕೆ ಹೋದರು. ಅಲ್ಲಿ ಶರಫುದ್ದೀನನ ಗುಜರಿ ಅಂಗಡಿ. ಹಳೆಯ ಫ್ರಿಜ್ಜು, ತುಕ್ಕು ಹಿಡಿದ ಕೂಲರು, ಮುರಿದ ಕಿಟಕಿಗಳ ನಡುವೆ ಅವನು ಚಹಾ ಕುಡಿಯುತ್ತ ಕೂತಿದ್ದ.

"ಏನ್ ಸಾವಕಾರ, ಗುಜರಿ ಕಡೆ ಸವಾರಿ ಬಂತಲ್ಲ. ಗಿರಣಿ ತೂಕಕ್ಕ ಹಾಕಾಕ ಬಂದೀರೇನು?"

"ಸೂರ್ಯನ್ನ ತಗೊಳ್ಳಾಕ ಬಂದೀನಿ."

"ಸೂರ್ಯ ಮೊನ್ನೇನ ಹೋದ್ನಲ್ರಿ. ಸೊಲ್ಲಾಪುರದಾಂವ ಒಬ್ಬ ಒಯ್ದ." ಶರಫುದ್ದೀನ ಬಸಿಯ ಚಹಾ ಮುಗಿಸಿ ಎದ್ದು, ಒಳಗಿನಿಂದ ಒಂದು ರಟ್ಟಿನ ಡಬ್ಬಿ ತಂದ. "ಬಿಲ್ಲಿ ಅದಾವ, ನೋಡ್ರಿ. ಫ್ಯಾಕ್ಟರಿಯಾಗ ನಪಾಸ ಆದವು."

ಕಡುನೀಲಿ ಬಣ್ಣದ, ಅಂಗೈಗಿಂತ ಸ್ವಲ್ಪ ದೊಡ್ಡದಾದ, ಹಪ್ಪಳದಷ್ಟು ತೆಳ್ಳಗಿನ ಬಿಲ್ಲೆಗಳು. ಕಲ್ಲಿನಾಥ ಒಂದನ್ನೆತ್ತಿ ಬೆಳಕಿಗೆ ಹಿಡಿದ. "ಮೂಲಿ ಮುರದಾವಲ್ಲೋ ಇವು."

"ಮೂಲಿ ಮುರದ್ರೂ ಬಿಸಲ ಕುಡೀತಾವ್ರಿ. ಪೂರಾ ಛಲೋ ಬೇಕಂದ್ರ ಕಂಪನಿ ಪ್ಲೇಟ ತಗೋರಿ, ನಾ ಯಾಕ ಬ್ಯಾಡ ಅನ್ಲಿ?"

"ಕಂಪನಿ ಪ್ಲೇಟಿನಾಗ ಏನದ? ಇವ ಬಿಲ್ಲಿ, ಮ್ಯಾಲ ಗಾಜು, ಅದರ ಮ್ಯಾಲ ಹೆಸರು. ಹೆಸರಿಗಿ ರೊಕ್ಕ ಯಾಕ ಕೊಡಬೇಕು?"

ಹೀಗೆಂದ ಕಲ್ಲಿನಾಥ ತೋರಿಸಲು ಬಿಲ್ಲೆಯನ್ನು ಸ್ವಲ್ಪ ಒತ್ತಿದ. ಅದು ಕಟಕ್ಕೆಂದು ಎರಡಾಯಿತು. ಶರಫುದ್ದೀನ ಡಬ್ಬಿಯನ್ನು ಅವನ ಮುಂದಿನಿಂದ ಮೆಲ್ಲಗೆ ತೆಗೆದು ಗಂಗಾಬಾಯಿಯ ಕಡೆ ಚಾಚಿದ.

"ಅಕ್ಕಾ, ನೀವ ಹಿಡೀರಿ. ಹಪ್ಪಳ ಮಾಡೋ ಕೈ ಬೇಕು ಇವಕ್ಕ. ಸಾವಕಾರ ಕೈಯಾಗ ಕೊಟ್ರ ಊರು ಮುಟ್ಟೂದ್ರೊಳಗ ಹಿಟ್ಟಾಗ್ತಾವ. ಹೆಂಗೂ ಗಿರಣಿಯವರು."

ಡಬ್ಬಿ ಗಂಗಾಬಾಯಿಯ ತೊಡೆಯ ಮೇಲೆ ಕೂತು ಊರಿಗೆ ಬಂತು. ಕಲ್ಲಿನಾಥ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ತೊಗರಿ ಹೊಲದ ಮೇಲಿನ ಬಿಸಿಲನ್ನು ತನ್ನದೇ ಎಂಬಂತೆ ನೋಡುತ್ತಿದ್ದ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಹಪ್ಪಳದ ಮಣೆಯ ಮೇಲೆ ಬಿಲ್ಲೆಗಳ ಸಾಲು ಬಂತು. ಅಡುಗೆಮನೆಯಲ್ಲಿ ಬೆಸುಗೆಯ ಹೊಗೆ ತುಂಬಿತು. ಹಳೆಯ ಅಂಗಡಿಯೊಂದರ ಶೋಕೇಸಿನ ಗಾಜು, ಮುರಿದ ಕಿಟಕಿಗಳ ಅಲ್ಯೂಮಿನಿಯಂ ಚೌಕಟ್ಟು ಒಂದೊಂದಾಗಿ ಒಳಗೆ ಬಂದವು. ಒಂದು ಬಿಲ್ಲೆಯ ಬೆನ್ನಿನಿಂದ ಇನ್ನೊಂದರ ಮುಖಕ್ಕೆ ತವರದ ಪಟ್ಟಿ ಬೆಸೆಯಬೇಕು, ಹೀಗೆ ಸಾಲಿಗೆ ಸಾಲು. ಬೆಸೆಯುವವನು ಕಲ್ಲಿನಾಥ. ಬೆಸೆದ ಸಾಲನ್ನು ಎತ್ತಿ ಮಗ್ಗುಲು ಹೊರಳಿಸುವುದು ಅವನಿಂದ ಆಗದು. ಅವನು ಎತ್ತಿದ ಮೂರರಲ್ಲಿ ಒಂದು ಮುರಿಯುತ್ತಿತ್ತು. ಗಂಗಾಬಾಯಿ ಹಸಿ ಹಪ್ಪಳ ಎತ್ತುವಂತೆ ಎರಡೂ ಅಂಗೈ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಇಡೀ ಸಾಲನ್ನು ಒಮ್ಮೆಗೇ ಹೊರಳಿಸುತ್ತಿದ್ದಳು. ಆಕೆಯ ಕೈಯಲ್ಲಿ ಒಂದೂ ಮುರಿಯಲಿಲ್ಲ. ಆದರೂ ಆಕೆ ಹತ್ತಿರ ಬಂದಾಗಲೆಲ್ಲ ಕಲ್ಲಿನಾಥನ ಬಾಯಿಂದ ಬರುವುದು ಒಂದೇ ಮಾತು:

"ನೀ ಮುಟ್ಟಬ್ಯಾಡಬೇ, ಮುರೀತಾವ."

ದಸರೆಯ ಹೊತ್ತಿಗೆ ನಾಲ್ಕು ಪ್ಲೇಟುಗಳು ಮಾಳಿಗೆ ಏರಿದವು. ಹೇಗೆ ಇಟ್ಟರೂ ಒಂದು ಇನ್ನೊಂದರಂತೆ ಕಾಣುತ್ತಿರಲಿಲ್ಲ. ಒಂದರ ಗಾಜಿನ ಮೇಲೆ ಯಾವುದೋ ಬಟ್ಟೆ ಅಂಗಡಿಯ ಹೆಸರಿನ ಅರ್ಧ ಹಾಗೇ ಉಳಿದಿತ್ತು. ಕಲ್ಲಿನಾಥ ಅವನ್ನು ತೆಂಕಣಕ್ಕೆ ಮುಖ ಮಾಡಿ, ಹಿಂದೆ ಇಟ್ಟಿಗೆ ಕೊಟ್ಟು ಓರೆ ನಿಲ್ಲಿಸಿದ. ಕೆಳಗೆ ಒಂದು ಹಳೆಯ ಟ್ರ್ಯಾಕ್ಟರ್ ಬ್ಯಾಟರಿ. ಬಿಸಿಲಿದ್ದರೆ ಅದಕ್ಕೆ ಜೀವ, ಇಲ್ಲದಿದ್ದರೆ ಇಲ್ಲ. ಅದರಿಂದ ಒಂದು ವೈರು, ಹಳೆಯ ಎರಡೂ ಫ್ಯಾನು ಬಿಚ್ಚಿ ಅವನ ಮಂಚದ ಮೇಲೆ ಹಾಕಿದ ಹೊಸ ಸೋಲಾರ್ ಫ್ಯಾನಿಗೆ, ಇನ್ನೊಂದು ಪಡಸಾಲೆಯ ಬಲ್ಬಿಗೆ. ಅಡುಗೆಮನೆಗೆ ಏನೂ ಬರಲಿಲ್ಲ. ಹಗಲು ಹೊತ್ತಿನಲ್ಲಿ ಬಲ್ಬು ಹತ್ತಿತು. ಹಗಲು ಬಲ್ಬು ಯಾಕೆ ಬೇಕು ಎಂದು ನೋಡಲು ಬಂದ ಯಾರೂ ಕೇಳಲಿಲ್ಲ; ಚಹಾ ಕುಡಿದು ಹೋದರು. ಪ್ಲೇಟಿಗೆ ಯಾರಾದರೂ ಕೈ ಹಚ್ಚಿಯಾರು ಎಂದು ಮಾಳಿಗೆಯ ಬಾಗಿಲಿಗೆ ಬೀಗ ಬಿತ್ತು. ಕೀಲಿಕೈ ಅವನ ಉಡದಾರ ಸೇರಿತು.

ಆಯುಧಪೂಜೆಯ ದಿನ ಗಿರಣಿಯ ಕಲ್ಲಿಗೆ, ತಕ್ಕಡಿಗೆ ವಿಭೂತಿ ಹಚ್ಚಿದ ಮೇಲೆ ಕಲ್ಲಿನಾಥ ಬಟ್ಟಲು ಹಿಡಿದು ಮಾಳಿಗೆ ಏರಿದ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಒಂದೊಂದು ಪ್ಲೇಟಿನ ನಡುಗಾಜಿಗೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ದಪ್ಪ ಪಟ್ಟೆ ಎಳೆದ. ಮೇಲೆ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ.

ಆರತಿ ತಟ್ಟೆ ಹಿಡಿದು ನಿಂತ ಗಂಗಾಬಾಯಿ ಹೇಳಿದಳು, "ನಡಗಾಜಿಗಿ ಯಾಕ್ರಿ ಇಷ್ಟ ದಪ್ಪ? ಅಂಚಿಗಿ ಜರಾ ಹಚ್ಚಿದ್ರ ಸಾಲ್ದೇನು?"

"ಹಣಿ ಬಿಟ್ಟು ಕಿವಿಗಿ ಹಚ್ಚತಾರೇನಬೇ ವಿಭೂತಿ?"

ಬಿಸಿಲಿಗೆ ಪಟ್ಟೆಗಳು ಸುಣ್ಣದಂತೆ ಒಣಗಿ ಗಾಜಿಗೆ ಕಚ್ಚಿಕೊಂಡವು. ಅಂದಿನಿಂದ ಫ್ಯಾನು ಗಾಳಿ ಬೀಸುವುದನ್ನು ಬಿಟ್ಟು ರೆಕ್ಕೆ ಎಣಿಸಬಹುದಾದಷ್ಟು ನಿಧಾನ ತಿರುಗತೊಡಗಿತು. ಶೈಲಶ್ರೀ ಮಾಳಿಗೆಯ ಬಾಗಿಲ ಸಂದಿಯಲ್ಲಿ ಇಣುಕಿ ಬಂದು ಹೇಳಿದಳು:

"ಅಪ್ಪಾ, ಬಿಲ್ಲಿಗೋಳು ಒಂದಕ್ಕೊಂದು ಸಾಲ ಹಿಡದ ನಿಂತಾವ. ಒಂದರ ಮುಖ ಮುಚ್ಚಿದ್ರ ಇಡೀ ಸಾಲಿನ ಕರೆಂಟ ಬೀಳ್ತದ. ವಿಭೂತಿ ಒರಸು, ಸರಿ ಆಗ್ತದ."

"ವಿಭೂತಿ ಒರಸೋ ಮನೆತನ ಅಲ್ಲ ಇದು."

"ದೇವರಿಗಿ ಬ್ಯಾಡ ಅಂದಿಲ್ಲಪ್ಪ. ಗಾಜಿಗಿ ಅಂದೆ."

"ಮೊದಲ ಭಕ್ತಿ ಕಲಿ, ಆಮ್ಯಾಲ ಕರೆಂಟ ಕಲಸು."

ಭಕ್ತಿ ಸಾಲದೆ ಹೀಗಾಗಿದೆ ಎಂದು ಅವನಿಗೆ ಅನ್ನಿಸಿರಬೇಕು. ಪ್ರತಿ ಸೋಮವಾರ ಮಿಂದು ಮಾಳಿಗೆ ಏರಿ ಹಳೆಯ ಪಟ್ಟೆಯ ಮೇಲೆ ಹೊಸ ಪಟ್ಟೆ ಎಳೆಯತೊಡಗಿದ. ಕರೆಂಟು ಇಳಿದಷ್ಟೂ ವಿಭೂತಿ ಏರಿತು. ವಿಭೂತಿ ಏರಿದಷ್ಟೂ ಕರೆಂಟು ಇಳಿಯಿತು. ಪುಷ್ಯಮಾಸದ ಹೊತ್ತಿಗೆ ಫ್ಯಾನಿನ ರೆಕ್ಕೆಗಳ ಮೇಲೆ ನೊಣ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಗಿರಣಿಯ ಬಿಲ್ಲು ಮೊದಲಿನಂತೆಯೇ ಬರುತ್ತಿತ್ತು.

ತಪ್ಪು ಎಲ್ಲಾದರೂ ಇರಲೇಬೇಕಲ್ಲ. ಅದು ಪಕ್ಕದ ಮನೆಯ ಮಲ್ಕಮ್ಮನ ಸೀರೆಯಲ್ಲಿದೆ ಎಂದು ಕಲ್ಲಿನಾಥ ಕಂಡುಹಿಡಿದ. ಮಲ್ಕಮ್ಮನದು ತಗಡಿನ ಮನೆ, ಆದರೆ ಮುಂದೆ ವಿಶಾಲವಾದ ಅಂಗಳ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಅಲ್ಲಿ ಎತ್ತರದ ಎರಡು ಗಳಗಳಿಗೆ ಹಗ್ಗ ಕಟ್ಟಿ ಆಕೆ ಬಟ್ಟೆ ಒಣಹಾಕುತ್ತಿದ್ದಳು. ಕಲ್ಲಿನಾಥ ಮಾಳಿಗೆಯ ಮೇಲೆ ನಿಂತು ಕೂಗಿದ:

"ಮಲ್ಕಮ್ಮಾ, ನಿನ್ನ ಸೀರಿ ನೆರಳ ನನ್ನ ಪ್ಲೇಟಿಗಿ ಬೀಳ್ತದ. ತಗಿ ಅದನ್ನ."

ಮಲ್ಕಮ್ಮ ತಲೆಯೆತ್ತಿ ಮೊದಲು ಸೂರ್ಯನನ್ನು ನೋಡಿದಳು, ಆಮೇಲೆ ಅವನನ್ನು. "ನನ್ನ ಸೀರಿ ನೆರಳ ನಿನ್ನ ಮ್ಯಾಳಗಿ ಮುಟ್ಟೂದು ಹೊತ್ತ ಮುಳುಗೋ ಮುಂದ, ಕಲ್ಲಣ್ಣ. ಆವಾಗ ನಿನ್ನ ಸೂರ್ಯ ನಿನ್ನ ಪ್ಲೇಟಿನಾಗ ಇರ್ತಾನೇನು, ಊಟಕ್ಕ ಕುಂತಿರ್ತಾನೇನು?"

"ಬಾಯಿ ಭಾಳ ಬಂದದ ನಿನಗ. ನಿನ್ನ ಅಂಗಳದ ಬಿಸಲ ನಿನಗಿರಲಿ, ನನ್ನ ಬಿಸಲಿಗಿ ಕೈ ಹಾಕಬ್ಯಾಡ."

"ಹಾಂಗ ಆಗ್ಲಿ. ನಿಮ್ಮನಿಯವರು ಇನ್ನ ಮ್ಯಾಲ ನನ್ನ ಅಂಗಳಕ್ಕ ಕಾಲಿಡಬ್ಯಾಡ್ರಿ. ಕರೆಂಟ ಹೊಡದೀತು."

ಆ ಮಾತು ಕೇಳಿದಾಗ ಗಂಗಾಬಾಯಿ ಅಡುಗೆಮನೆಯಲ್ಲಿ ಪುಂಡಿಪಲ್ಯ ಸೋಸುತ್ತಿದ್ದಳು. ಗಂಡನ ಇಂಥ ಮಾತು ಆಕೆಗೆ ಹೊಸದಲ್ಲ. ಆ ಅಂಗಳದ ಬೆಲೆ ಏನೆಂದು ತಿಳಿದದ್ದು ಸಂಕ್ರಾಂತಿಯ ನಂತರ, ಶೈಲಶ್ರೀಯ ಮದುವೆ ಗೊತ್ತಾದಾಗ.

ಹುಡುಗ ಅಫಜಲಪುರದವನು, ಶಾಲೆಯಲ್ಲಿ ಮಾಸ್ತರ. ಮದುವೆ ವೈಶಾಖದಲ್ಲಿ. ಆ ಕಡೆಯ ಮದುವೆಗಳಲ್ಲಿ ರುಖವತ ಎಂದೊಂದು ಇದೆ. ಹೆಣ್ಣಿನ ತಾಯಿ ಕೈಯಾರೆ ಮಾಡಿದ ಹಪ್ಪಳ, ಸಂಡಿಗೆ, ಶಾವಿಗೆ, ಕುರಡಗಿಗಳನ್ನು ಬುಟ್ಟಿಗಳಲ್ಲಿ ತುಂಬಿ ಬೀಗರ ಮುಂದೆ ಇಡಬೇಕು. ಬೀಗಿತ್ತಿಯರು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಮುರಿದು ನೋಡುತ್ತಾರೆ. ಹೆಣ್ಣನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ. ಅದರಲ್ಲೂ ಕುರಡಗಿ. ಗೋಧಿಯನ್ನು ದಿನಗಟ್ಟಲೆ ನೆನೆಹಾಕಿ, ರುಬ್ಬಿ, ಹಾಲು ತೆಗೆದು, ಗಂಜಿ ಕಾಸಿ, ಶಾವಿಗೆಯಂತೆ ಸುರುಳಿ ಒತ್ತಿ ಬಟ್ಟೆಯ ಮೇಲೆ ಒಣಗಿಸಬೇಕು. ಒತ್ತಿದ ದಿನ ಸುಡುವ ಬಿಸಿಲು ಬೀಳದಿದ್ದರೆ ಹುಳಿಯಾಗಿ ಕಪ್ಪಿಡುತ್ತದೆ. ನೆರಳಿನಲ್ಲಿ ಒಣಗಿದ ಕುರಡಗಿಯನ್ನು ಕುರುಡರೂ ಗುರುತಿಸುತ್ತಾರೆ.

ಗಂಗಾಬಾಯಿಯ ತಾಯಿ ಮಗಳ ಮದುವೆಗೆ ಮುಂಚೆಯೇ ತೀರಿಹೋಗಿದ್ದಳು. ಆಕೆಯ ತಂದೆ ಅಂಗಡಿಯಿಂದ ಕುರಡಗಿ ತಂದು ಬುಟ್ಟಿ ತುಂಬಿಸಿದ್ದ. ಕಲ್ಲಿನಾಥನ ತಾಯಿ ಅದರಲ್ಲೊಂದನ್ನು ತುಂಬಿದ ಚಪ್ಪರದಲ್ಲಿ ಎತ್ತಿ ಹಿಡಿದು, "ಅಂಗಡಿ ಕುರಡಗಿ, ಅಂಗಡಿ ಸೊಸಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಹೆಂಗಸರು ನಕ್ಕಿದ್ದರು. ಅತ್ತೆ ಸತ್ತು ಎಷ್ಟೋ ಕಾಲವಾದರೂ ಆ ನಗು ಗಂಗಾಬಾಯಿಯ ಕಿವಿಯಲ್ಲಿ ಹಾಗೇ ಇತ್ತು. ಅದನ್ನು ಆಕೆ ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಮಗಳ ಮದುವೆಯಲ್ಲಿ ಮಾತ್ರ ಆ ಮಾತು ಹುಟ್ಟಬಾರದು, ಅಷ್ಟೇ.

ಅದಕ್ಕೆ ಬೇಕಾದದ್ದು ಒಂದೇ ಒಂದು: ಮಾಳಿಗೆ.

"ಚೈತ್ರದಾಗ ನಾಲ್ಕ ದಿನ ಮ್ಯಾಳಗಿ ಬೇಕ್ರಿ. ಕುರಡಗಿ ಹಾಕಬೇಕು," ಎಂದಳು.

ಕಲ್ಲಿನಾಥ ಊಟದ ತಾಟಿನಿಂದ ತಲೆ ಎತ್ತಲಿಲ್ಲ. "ಮ್ಯಾಳಗಿ ಎಲ್ಲಿ ಖಾಲಿ ಅದ?"

"ಪ್ಲೇಟಿನ ಬಾಜೂಕ ಹಾಕ್ತೇನಿ."

"ಬಾಜೂಕ ಜಾಗಾ ಎಲ್ಲದಬೇ? ನಿನ್ನ ಕುರಡಗಿಗಿ ಕಾಗಿ ಬರ್ತಾವ. ಕಾಗಿ ಗಾಜಿನ ಮ್ಯಾಲ ಹೇಲ್ತಾವ. ಕರೆಂಟ ಬೀಳ್ತದ."

"ಕರೆಂಟ ಇದ್ರ ಅಲ್ಲೇನ್ರಿ ಬೀಳೂದು?"

ಶೈಲಶ್ರೀ ನಗು ತಡೆಯಲು ನೀರು ಕುಡಿದಳು. ಕಲ್ಲಿನಾಥ ತಾಟು ಸರಿಸಿ ಎದ್ದ. "ಆಳಂದದಾಗ ಅಂಗಡಿಗೋಳು ಸತ್ತಾವೇನು? ಅಲ್ಲಿ ತಗೊಂಡ ಬರ್ತೇನಿ ಬೇಕಂದ್ರ."

ಗಂಗಾಬಾಯಿ ಅವನು ಸರಿಸಿದ ತಾಟು ಎತ್ತಿದಳು. ಈ ಮನುಷ್ಯ ಚಪ್ಪರದಲ್ಲಿ ಬಾಸಿಂಗ ಕಟ್ಟಿಕೊಂಡು ಅಂದು ಆಕೆಯ ಪಕ್ಕದಲ್ಲೇ ಕೂತಿದ್ದ. ತಾಯಿಯ ಮಾತು ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅವನ ಗಮನವೆಲ್ಲ ಬಾಸಿಂಗ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದರ ಮೇಲಿತ್ತು.

ಚೈತ್ರ ಹುಟ್ಟಿ ಬಿಸಿಲು ಕಾಯತೊಡಗಿದಾಗ ಆಕೆ ಗೋಧಿ ನೆನೆಹಾಕಿದಳು. ಮಾಳಿಗೆ ಇಲ್ಲ, ಮಲ್ಕಮ್ಮನ ಅಂಗಳ ಇಲ್ಲ, ಆದರೂ ನೆನೆಹಾಕಿದಳು. ತಮ್ಮ ಅಂಗಳದಲ್ಲಿ ಬೆಳಗಿನ ಹೊತ್ತು ಬಿಸಿಲು ಬೀಳುತ್ತಿತ್ತು. ಆಮೇಲೆ ಗಿರಣಿಯ ಗೋಡೆಯ ನೆರಳು. ಎಷ್ಟು ಒಣಗಿದರೆ ಅಷ್ಟು. ನೆನೆದ ಗೋಧಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ದಿನವೂ ನೀರು ಬದಲಿಸಬೇಕು, ಹದಕ್ಕೆ ಬಂದ ದಿನ ರುಬ್ಬಲೇಬೇಕು.

ಎರಡನೆಯ ದಿನ ಇಳಿಹೊತ್ತಿಗೆ ಬಡಗಣದಿಂದ ಕರೀ ಮೋಡ ಎದ್ದು, ಧೂಳಿನ ಗಾಳಿ ಬೀಸಿ, ಅಕಾಲದ ಮಳೆ ಬಂತು. ದಪ್ಪ ದಪ್ಪ ಹನಿ ಮಾಳಿಗೆಯನ್ನು ಚೆನ್ನಾಗಿ ಬಡಿದು ಹೋಯಿತು. ಅಂಗಳದ ಮೂಲೆಯಲ್ಲಿ ಮಾಳಿಗೆಯ ದೋಣಿಯಿಂದ ಬೀಳುವ ನೀರು ಮಜ್ಜಿಗೆಯಂತೆ ಬೆಳ್ಳಗಿರುವುದನ್ನು ಗಂಗಾಬಾಯಿ ನೋಡಿದಳು. ದಸರೆಯಿಂದ ಈಚಿನ ಎಲ್ಲ ಸೋಮವಾರಗಳೂ ಹರಿದು ಚರಂಡಿ ಸೇರಿದವು. ಶೈಲಶ್ರೀಯೂ ನೋಡಿದಳು, ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು.

ಮರುದಿನ ಆಕಾಶ ತೊಳೆದ ತಾಟಿನಂತಿತ್ತು. ಹೊತ್ತು ಏರುತ್ತಿದ್ದಂತೆ ಕಲ್ಲಿನಾಥನ ಮಂಚದ ಮೇಲಿನ ಫ್ಯಾನು ಮೊದಲು ನೊಣವನ್ನು ಎಬ್ಬಿಸಿತು, ಆಮೇಲೆ ಗೋಡೆಯ ಕ್ಯಾಲೆಂಡರನ್ನು. ಮಧ್ಯಾಹ್ನಕ್ಕೆ ಅದು ಹಾರಿಹೋಗುತ್ತದೇನೋ ಎಂಬಂತೆ ಗುಂಯ್‌ಗುಟ್ಟತೊಡಗಿತು. ಕಲ್ಲಿನಾಥ ಗಿರಣಿ ನಿಲ್ಲಿಸಿ ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದ.

"ನಿನ್ನೆ ಮುಂಜಾನಿ ಒಂದ ವಾಯರ್ ಬಿಗಿ ಮಾಡಿದ್ದೆ," ಎಂದು ಎಲ್ಲರಿಗೂ ಹೇಳಿದ. "ಅದೊಂದ ಸಡ್ಲ ಇತ್ತು ನೋಡ್ರಿ. ಇಂಥಾದ್ದು ಕಂಪನಿಯವರಿಗಿ ತಿಳಿಯೂದಿಲ್ಲ."

ನೋಡಲು ಬಂದವರು ಫ್ಯಾನಿನ ಕೆಳಗೆ ತಲೆಯೊಡ್ಡಿ ನಿಂತು ಹೌದ್ರಿ, ಹೌದ್ರಿ ಎಂದರು. ಚಹಾ ಮಾಡಿ ಮಾಡಿ ಗಂಗಾಬಾಯಿಯ ಹಾಲು ಖಾಲಿಯಾಯಿತು. ಆಕೆಗೆ ಒಂದು ವಿಷಯ ಖಚಿತವಾಯಿತು. ಫ್ಯಾನು ಸತ್ತಂತಿದ್ದಾಗ ಬಿಡದ ಮಾಳಿಗೆಯನ್ನು ಈಗಂತೂ ಅವನು ಬಿಡುವುದಿಲ್ಲ. ಮಧ್ಯಾಹ್ನ ಗಿರಣಿ ಮುಚ್ಚಿ ಆ ಗಾಳಿಯಲ್ಲಿ ಮಲಗುವ ಸುಖಕ್ಕಾಗಿ ಅವನು ಇಷ್ಟು ತಿಂಗಳು ಕಾದಿದ್ದ.

ಅಂದೇ ಗೋಧಿ ಹದಕ್ಕೆ ಬಂದಿತ್ತು. ಸಂಜೆ ರುಬ್ಬಿ, ಹಿಂಡಿ, ಹಾಲು ತೆಗೆದು ಮುಚ್ಚಿಟ್ಟಳು. ಮರುದಿನ ನಸುಕಿನಲ್ಲಿ ತಾಯಿ ಮಗಳು ಅಂಗಳದ ಒಲೆ ಹೊತ್ತಿಸಿ ಗಂಜಿ ಕಾಸಿದರು. ಅಂಗಳದ ಮಂಚದ ಮೇಲೆ ಹಳೆಯ ಬಿಳಿ ಧೋತರ ಹಾಸಿ, ಅಚ್ಚಿಗೆ ಬಿಸಿ ಗಂಜಿ ತುಂಬಿ ಒತ್ತಿದರು. ಬೆಳ್ಳನೆಯ ಎಳೆಗಳು ಸುರುಳಿ ಸುರುಳಿಯಾಗಿ ಸಾಲು ಹಿಡಿದು ಕೂತವು. ಆ ಮಂಚ ಕಲ್ಲಿನಾಥನದಲ್ಲ. ಅವನದು ಫ್ಯಾನಿನ ಕೆಳಗಿತ್ತು, ಅವನು ಅದರ ಮೇಲಿದ್ದ.

ರೊಟ್ಟಿ ಊಟದ ಹೊತ್ತಿಗೆ ಗಿರಣಿಯ ಗೋಡೆಯ ನೆರಳು ಮಂಚದ ಅಂಚನ್ನು ಮುಟ್ಟಿತು. ಗಂಗಾಬಾಯಿ ಒಂದು ಸುರುಳಿಯನ್ನು ಬೆರಳಿಂದ ಒತ್ತಿದಳು. ಮೇಲೆ ಪದರ ಬಂದಿತ್ತು, ಒಳಗೆ ಹಸಿ. ಮೂಸಿದಳು. ಹುಳಿ ಇನ್ನೂ ಹುಟ್ಟಿರಲಿಲ್ಲ, ಹುಟ್ಟಲು ತಯಾರಾಗಿತ್ತು.

"ಅವ್ವಾ, ನಾ ಮಲ್ಕಮ್ಮ ದೊಡ್ಡವ್ವಗ ಕೇಳ್ಲೇನು?" ಎಂದಳು ಶೈಲಶ್ರೀ.

"ನೀ ಮದಿಮಗಳು. ನೀ ಹೋಗಬ್ಯಾಡ, ನಾ ಹೋಗ್ತೇನಿ."

ಹೋಗುವಾಗ ಆಕೆ ಪಡಸಾಲೆಯನ್ನು ದಾಟಬೇಕಾಯಿತು. ಫ್ಯಾನು ಗುಂಯ್‌ಗುಡುತ್ತಿತ್ತು. ಕಲ್ಲಿನಾಥ ಕಣ್ಣು ಮುಚ್ಚಿ ಅಂಗಾತ ಮಲಗಿದ್ದ, ಹೊಟ್ಟೆಯ ಮೇಲೆ ಕೈ, ಉಡದಾರದಲ್ಲಿ ಕೀಲಿಕೈ. ಆಕೆ ಅವನನ್ನು ಎಬ್ಬಿಸಲಿಲ್ಲ, ಬೇಡಲಿಲ್ಲ. ಸೆರಗು ಬಿಗಿದುಕೊಂಡು ಹೊರಗೆ ಹೋದಳು.

ಮಲ್ಕಮ್ಮನ ಬಾಗಿಲು ಹಾಕಿತ್ತು. ಯಾರೋ ಸಂಬಂಧಿಕರ ಮನೆಗೆ ಬೆಳಗಿನ ಬಸ್ಸಿಗೆ ಹೋಗಿದ್ದಾಳೆಂದು ಎದುರುಮನೆಯವರು ಹೇಳಿದರು. ಆಕೆಯ ಅಂಗಳ ಖಾಲಿ ಬಿದ್ದಿತ್ತು, ಕಾಲಿಟ್ಟರೆ ಸುಡುವಷ್ಟು ಬಿಸಿಲು ತುಂಬಿಕೊಂಡು. ಕಾಲಿಡಬೇಡ ಎಂದ ಅಂಗಳದಲ್ಲಿ, ಮನೆಯವಳು ಇಲ್ಲದಾಗ ಮಂಚ ತಂದು ಹಾಕುವ ಹೆಂಗಸು ಗಂಗಾಬಾಯಿ ಅಲ್ಲ. ಬೇಲಿಯ ಹೊರಗೆ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದಳು. ಆಳಂದದ ಯಾವ ಅಂಗಡಿಯಲ್ಲಿ ಕುರಡಗಿ ಬೆಳ್ಳಗಿರುತ್ತದೆ ಎಂದು ಮನಸ್ಸಿನಲ್ಲೇ ಯೋಚಿಸತೊಡಗಿದ್ದಳು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಪಡಸಾಲೆಗೆ ಕಾಲಿಟ್ಟಾಗ ಏನೋ ಬೇರೆಯಾಗಿದೆ ಅನ್ನಿಸಿತು. ಸದ್ದಿರಲಿಲ್ಲ. ಫ್ಯಾನು ನಿಂತಿತ್ತು. ಮಂಚ ಖಾಲಿಯಿತ್ತು.

ಅಂಗಳದಲ್ಲಿ ಇನ್ನೊಂದು ಮಂಚವೂ ಖಾಲಿಯಿತ್ತು. ಅದರ ಮೇಲಿನ ಧೋತರವೂ ಇಲ್ಲ, ಕುರಡಗಿಯೂ ಇಲ್ಲ. ಶೈಲಶ್ರೀ ಅಚ್ಚು ತೊಳೆಯುತ್ತ ಕೂತವಳು ತಲೆ ಎತ್ತದೆ ಮೆಟ್ಟಿಲ ಕಡೆ ಗಲ್ಲ ಚಾಚಿದಳು.

"ಅಪ್ಪ ಒಯ್ದ. ಅವ್ವ ಎಲ್ಲಿ ಹೋದ್ಳು ಅಂದ, ಹೇಳ್ದೆ. ನನಗ ಒಂದ ತುದಿ ಹಿಡಿ ಅಂದ, ಹಿಡದೆ. ಮ್ಯಾಲ ಇಟ್ಟ ಮ್ಯಾಲ ಕೆಳಗ ಹೋಗು ಅಂದ, ಬಂದೆ."

ಗಂಗಾಬಾಯಿ ಮೆಟ್ಟಿಲು ಏರಿದಳು. ಬೀಗ ಕೊಂಡಿಗೆ ಜೋತಾಡುತ್ತಿತ್ತು, ಕೀಲಿಕೈ ಅದರಲ್ಲೇ ಇತ್ತು.

ಪ್ಲೇಟುಗಳ ಹಿಂದಿನ ಇಟ್ಟಿಗೆಗಳೆಲ್ಲ ಕಿತ್ತು ಗೋಡೆಯ ಬದಿಗೆ ಬಿದ್ದಿದ್ದವು. ನಾಲ್ಕೂ ಪ್ಲೇಟುಗಳು ಅಂಗಾತ ಮಲಗಿದ್ದವು, ಒಂದಕ್ಕೊಂದು ಅಂಟಿಕೊಂಡು, ಚಾಪೆಯಂತೆ. ಅವುಗಳ ಮೇಲೆ ಧೋತರ, ಧೋತರದ ಮೇಲೆ ಕುರಡಗಿ. ಪಕ್ಕದಲ್ಲಿ ಕಲ್ಲಿನಾಥ ತಲೆಗೆ ಟವೆಲು ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತು, ತರುವಾಗ ಒಂದರ ಮೇಲೊಂದು ಜಾರಿದ್ದ ಸುರುಳಿಗಳನ್ನು ಬಿಡಿಸುತ್ತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ತುದಿಗೆ ಬಂದಿತ್ತು. ಅವನು ಎರಡೂ ಅಂಗೈಗಳನ್ನು ಒಂದು ಸುರುಳಿಯ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಎತ್ತಿ ಹೊರಳಿಸಿದ. ಅದು ಮುರಿಯಲಿಲ್ಲ. ಅವನು ಅದನ್ನು ಬಾಗಿ ನೋಡಿದ.

ನೆರಳು ಬಿದ್ದದ್ದರಿಂದ ಅವನಿಗೆ ಆಕೆ ಬಂದದ್ದು ತಿಳಿಯಿತು. ತಿರುಗಲಿಲ್ಲ.

"ಗಾಜ ಹಂಚಿನಂಗ ಕಾದದ. ತಳದಿಂದನೂ ಒಣಗ್ತಾವ. ಸಂಜಿಕ ಖಡಕ್ ಆಗ್ತಾವ."

"ಫ್ಯಾನ್ ನಿಂತದ," ಎಂದಳು ಗಂಗಾಬಾಯಿ.

"ಕಣ್ಣದಾವ ನನಗ." ಇನ್ನೊಂದು ಸುರುಳಿಯ ಕೆಳಗೆ ಬೆರಳು ತೂರಿಸಿದ. "ಅಫಜಲಪುರದ ಬೀಗಿತ್ತಿ ಬಾಯಿ ಛಲೋ ಇಲ್ಲಂತ ಕೇಳೀನಿ. ಅಂಗಡಿ ಕುರಡಗಿ ಅಂತ ಚಪ್ಪರದಾಗ ಯಾರೂ ಅನ್ನಬಾರದು."

ಗಂಗಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಚಪ್ಪರದ ಆ ಮಾತನ್ನು ಆಕೆ ಅವನ ಮುಂದೆ ಎಂದೂ ಆಡಿರಲಿಲ್ಲ. ಅವನು ತನ್ನ ಮಾನಕ್ಕಾಗಿ ಹಾಗೆ ಹೇಳಿದನೋ, ಬೇರೆ ಯಾವುದಕ್ಕೋ, ಅವನ ಬೆನ್ನು ನೋಡಿ ಹೇಳುವಂತಿರಲಿಲ್ಲ. ಕೇಳುವ ಅಭ್ಯಾಸ ಆಕೆಗಿರಲಿಲ್ಲ, ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು. ಕಲ್ಲಿನಾಥ ಇಟ್ಟಿಗೆಯ ಚೂರು ಎತ್ತಿ ಬೀಸಿದ.

ಆಕೆ ಮುಂದೆ ಬಂದು, ಅಂಚಿನಲ್ಲಿ ಸೊಟ್ಟಗೆ ಬಿದ್ದಿದ್ದ ಒಂದು ಸುರುಳಿಗೆ ಕೈ ಚಾಚಿದಳು.

"ನೀ ಮುಟ್ಟಬ್ಯಾಡಬೇ, ಮುರೀತಾವ," ಎಂದ ಕಲ್ಲಿನಾಥ. ಆಮೇಲೆ, ಅದೇ ದನಿಯಲ್ಲಿ, "ಬಿಸಲ ಭಾಳದ. ಕೆಳಗ ಹೋಗಿ ಬೀಳು."

ಗಂಗಾಬಾಯಿ ಕೆಳಗೆ ಬಂದಳು. ಪಡಸಾಲೆಯಲ್ಲಿ ಅವನ ಮಂಚದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ನಿಂತ ಫ್ಯಾನಿನ ಕೆಳಗೆ, ಗಾಳಿಯಿಲ್ಲದೆ, ಅದರ ಮೇಲೆ ಮಲಗಿಕೊಂಡಳು.